ಬೈಕಿಗೆ ಹೊಸ ಬ್ರೇಕ್ ಪ್ಯಾಡ್: ಯಾವುದು ಸರಿ?

ನಿಮ್ಮ ಎರಡೂ ಅಂಗೈಗಳನ್ನು ಒತ್ತಿ ಹಿಡಿದು ಜೋರಾಗಿ ಉಜ್ಜಿ ನೋಡಿ. ಬಿಸಿಯಾಯಿತಲ್ಲವೇ? ಈಗ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಉಜ್ಜಿ. ಕೈ ಜಾರುತ್ತದೆ, ಅಷ್ಟೇನೂ ಬಿಸಿಯಾಗುವುದಿಲ್ಲ. ಬೈಕಿನ ಬ್ರೇಕು ಕೆಲಸ ಮಾಡುವುದೂ, ಕೆಲವೊಮ್ಮೆ ಕೈಕೊಡುವುದೂ ಹೀಗೆಯೇ.

ನಿಂತಿರುವ ಬೈಕಿನ ಮುಂದಿನ ಚಕ್ರವನ್ನು ಗಮನಿಸಿ. ಅನೇಕ ಬೈಕುಗಳಲ್ಲಿ ಅಲ್ಲೊಂದು ಹೊಳೆಯುವ ಉಕ್ಕಿನ ತಟ್ಟೆ ಇರುತ್ತದೆ. ಅದೇ ಡಿಸ್ಕ್. (ಬೈಕು ಈಗಷ್ಟೇ ಓಡಿ ಬಂದಿದ್ದರೆ ಅದನ್ನು ಮುಟ್ಟಲೇಬೇಡಿ!) ಡಿಸ್ಕಿನ ಎರಡು ಪಕ್ಕದಲ್ಲೂ ಒಂದೊಂದು ಬಿಲ್ಲೆ ಇದೆ. ಇವೇ ಬ್ರೇಕ್ ಪ್ಯಾಡ್‌ಗಳು. ಸವಾರ ಹಿಡಿಯನ್ನು ಒತ್ತಿದಾಗ ಕೊಳವೆಯಲ್ಲಿರುವ ದ್ರವ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡ್‌ಗಳು ಡಿಸ್ಕನ್ನು ಅದುಮುತ್ತವೆ. ಡಿಸ್ಕ್ ಇಲ್ಲದ ಚಕ್ರದಲ್ಲಿ ಡ್ರಮ್ ಇರುತ್ತದೆ, ಅದರೊಳಗಿನ ತುಂಡುಗಳಿಗೆ ಬ್ರೇಕ್ ಶೂ ಎಂದು ಹೆಸರು. ತತ್ತ್ವ ಮಾತ್ರ ಒಂದೇ: ಘರ್ಷಣೆ.

ಓಡುವ ಬೈಕಿನಲ್ಲಿ ಚಲನಶಕ್ತಿ ಇದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ. ಸವಾರನೂ ಸೇರಿ 200 ಕಿಲೋಗ್ರಾಂ ತೂಗುವ ಬೈಕು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 10,000 ಜೂಲ್. ಇಷ್ಟು ಶಕ್ತಿ 200 ಮಿಲಿಲೀಟರ್, ಅಂದರೆ ಒಂದು ಲೋಟ ನೀರಿನ ಉಷ್ಣತೆಯನ್ನು ಸುಮಾರು 12 ಡಿಗ್ರಿ ಸೆಲ್ಸಿಯಸ್ ಏರಿಸಬಲ್ಲದು. ವೇಗ ಎರಡು ಪಟ್ಟಾಗಿ 72 ಕಿಲೋಮೀಟರ್ ಆದರೆ? ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು! 40,000 ಜೂಲ್. ಲೋಟದ ನೀರು ಈಗ 48 ಡಿಗ್ರಿಯಷ್ಟು ಬಿಸಿಯೇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಈ ಉಷ್ಣದ ಬಹುಪಾಲು ಡಿಸ್ಕು ಮತ್ತು ಪ್ಯಾಡ್‌ಗಳಿಗೆ ಹೋಗುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೇ ಹೆಚ್ಚು ಕೆಲಸ. ಹಾಗಾಗಿ ಪ್ಯಾಡ್‌ನ ವಸ್ತುವಿಗೆ ಚೆನ್ನಾಗಿ ಉಜ್ಜುವ ಗುಣವಷ್ಟೇ ಸಾಲದು, ಬಿಸಿಯನ್ನೂ ತಾಳಬೇಕು.

ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ತುಂಡುಗಳನ್ನು ತಯಾರಿಸತೊಡಗಿದ. ಇಳಿಜಾರಿನಲ್ಲಿ ಗಾಡಿಯವರು ಬ್ರೇಕಿನ ಮರದ ತುಂಡಿಗೆ ಹಳೆಯ ಬೂಟು ಕಟ್ಟುತ್ತಿದ್ದುದನ್ನು ನೋಡಿ ಆತನಿಗೆ ಈ ವಿಚಾರ ಹೊಳೆಯಿತು ಎಂಬ ಕತೆಯಿದೆ. ಮುಂದೆ ಬಹುಕಾಲ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಬಳಕೆಯಲ್ಲಿತ್ತು. ಅದು ಬಿಸಿಯನ್ನೇನೋ ಚೆನ್ನಾಗಿ ತಾಳುತ್ತದೆ. ಆದರೆ ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಕ್ಯಾನ್ಸರ್ ಕೂಡ ಬರಬಹುದು. ಬ್ರೇಕಿನ ಧೂಳನ್ನು ಬಾಯಿಂದ ಊದುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ನೀವು ಹಾಗೆ ಮಾಡಬೇಡಿ, ಮಾಡುವವರ ಪಕ್ಕದಲ್ಲಿ ನಿಲ್ಲಲೂಬೇಡಿ. ಪ್ಯಾಡ್ ಕೊಳ್ಳುವಾಗ ‘ಕಲ್ನಾರು ರಹಿತ’ ಎಂದು ಬರೆದಿದೆಯೇ ಎಂದು ನೋಡಲು ಮನೆಯವರಿಗೆ ಹೇಳಿ.

ಈಗ ಅಂಗಡಿಗೆ ಬರೋಣ. ಅಲ್ಲಿ ಸಿಗುವ ಒಂದು ಬಗೆ ಸಾವಯವ ಪ್ಯಾಡ್. ಇದರಲ್ಲಿ ನಾರು, ರಬ್ಬರು ಮುಂತಾದವನ್ನು ರಾಳದಂಥ ಅಂಟಿನಿಂದ ಕೂಡಿಸಿರುತ್ತಾರೆ. ಇದು ಮೆದು, ಸದ್ದು ಕಡಿಮೆ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಊರೊಳಗೆ ಓಡಾಡುವ ಸಣ್ಣ ಬೈಕಿಗೆ ಸಾಕು. ಆದರೆ ಆಗುಂಬೆಯಂಥ ಘಾಟಿಯನ್ನು ಇಳಿಯುವಾಗ ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತಿಯೇ ಹಿಡಿದರೆ ಏನಾಗುತ್ತದೆ? ಅತಿಯಾದ ಬಿಸಿಗೆ ಅಂಟಿನಿಂದ ಅನಿಲ ಹೊರಬರುತ್ತದೆ. ಅದು ಪ್ಯಾಡ್ ಮತ್ತು ಡಿಸ್ಕಿನ ನಡುವೆ ನಿಮ್ಮ ಅಂಗೈಯ ಎಣ್ಣೆಯಂತೆ ವರ್ತಿಸುತ್ತದೆ. ಸವಾರ ಎಷ್ಟು ಒತ್ತಿದರೂ ಬೈಕು ನಿಧಾನವಾಗುವುದಿಲ್ಲ! ಅನುಭವಸ್ಥರು ಘಾಟಿಯಲ್ಲಿ ಕೆಳಗಿನ ಗೇರಿಗೆ ಬದಲಿಸಿ ಎಂಜಿನ್ನೇ ವೇಗವನ್ನು ತಡೆಯುವಂತೆ ಮಾಡುವುದು ಇದಕ್ಕಾಗಿಯೇ.

ಇನ್ನೊಂದು ಬಗೆಯಲ್ಲಿ ತಾಮ್ರ ಮೊದಲಾದ ಲೋಹಗಳ ಪುಡಿಯನ್ನು ಒತ್ತಿ, ಕಾಯಿಸಿ, ಕರಗಿಸದೆಯೇ ಗಟ್ಟಿಯಾಗಿಸುತ್ತಾರೆ. ಇದು ಬಿಸಿಗೆ ಹೆದರುವುದಿಲ್ಲ, ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಬಹುಕಾಲ ಬಾಳುತ್ತದೆ. ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬಹುದಲ್ಲ? ಇಲ್ಲ. ಇದಕ್ಕೆಂದು ತಯಾರಿಸದ ಡಿಸ್ಕನ್ನು ಇದು ಬೇಗ ಸವೆಸಿಬಿಡುತ್ತದೆ, ಡಿಸ್ಕಿನ ಬೆಲೆಯೋ ಪ್ಯಾಡ್‌ಗಿಂತ ಬಹಳ ಹೆಚ್ಚು. ಎರಡರ ನಡುವಿನ ಅರೆಲೋಹದ ಪ್ಯಾಡ್‌ಗಳೂ ಇವೆ.

ಕೆಲವು ಪ್ಯಾಡ್‌ಗಳ ಬೆನ್ನಿನ ಮೇಲೆ ಎಫ್‌ಎಫ್, ಜಿಜಿ, ಎಚ್‌ಎಚ್ ಎಂಬ ಜೋಡಿ ಅಕ್ಷರಗಳಿರುತ್ತವೆ. ಮೊದಲ ಅಕ್ಷರ ಸಾಧಾರಣ ಉಷ್ಣತೆಯಲ್ಲಿ, ಎರಡನೆಯದು ಹೆಚ್ಚು ಬಿಸಿಯಾದಾಗ ಘರ್ಷಣೆ ಎಷ್ಟೆಂದು ತಿಳಿಸುತ್ತದೆ. ಘರ್ಷಣೆಯ ಬಲವನ್ನು ಒತ್ತುವ ಬಲದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಇಲ್ಲಿನ ಅಳತೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಹೆಚ್ಚು. ಎಚ್ ಇದ್ದರೆ ಒಳ್ಳೆಯದು ಎಂದು ಅವಸರಪಡಬೇಡಿ. ಹಗುರ ಬೈಕಿನಲ್ಲಿ ಅತಿಯಾದ ಹಿಡಿತದಿಂದ ಚಕ್ರ ತಟ್ಟನೆ ಬಿಗಿದು ಜಾರಬಹುದು. ಬೈಕಿನ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ತರುವುದು ಜಾಣತನ.

ಹಳೆಯದನ್ನು ಯಾವಾಗ ಬದಲಿಸಬೇಕು? ಪ್ಯಾಡ್‌ನ ಮೇಲಿನ ಗೀರುಗುಳಿ ಅಳಿಸಿಹೋಗಿದ್ದರೆ ಕಾಲ ಬಂದಿದೆ ಎಂದರ್ಥ. ಕಿರ್ರ್ ಎಂದು ಲೋಹ ಉಜ್ಜುವ ಸದ್ದು ಬಂದರಂತೂ ಆಗಲೇ ತಡವಾಗಿದೆ. ಎಣ್ಣೆ ಕುಡಿದ ಪ್ಯಾಡ್ ದಪ್ಪಗಿದ್ದರೂ ಪ್ರಯೋಜನವಿಲ್ಲ. ಒಂದು ಚಕ್ರದ ಎರಡೂ ಪ್ಯಾಡ್‌ಗಳನ್ನು ಒಟ್ಟಿಗೇ ಬದಲಿಸಬೇಕು.

ಹೊಸ ಪ್ಯಾಡ್ ಕೂರಿಸಲು ಮೆಕ್ಯಾನಿಕ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾನೆ. ಆದ್ದರಿಂದ ಮೊದಲ ಸಲ ಹಿಡಿ ಒತ್ತಿದಾಗ ಬ್ರೇಕೇ ಹಿಡಿಯದಿರಬಹುದು! ಬೈಕು ನಿಂತಲ್ಲೇ ಹಿಡಿಯನ್ನು ಹಲವು ಬಾರಿ ಒತ್ತಿ, ಅದು ಗಟ್ಟಿಯಾದ ಮೇಲೆಯೇ ಹೊರಡಬೇಕು. ಹೊಸ ಪ್ಯಾಡ್ ಡಿಸ್ಕಿನ ಮೈಗೆ ಪೂರ್ತಿ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಡಾಟ ಬೇಕಾಗಬಹುದು. ಅಲ್ಲಿಯವರೆಗೆ ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟು, ನಿಧಾನವಾಗಿ ಓಡಿಸಬೇಕು.