ಮದ್ದು ಮುಟ್ಟಿತೇ? ಚಿತ್ರವೇ ಹೇಳಲಿ

ಕೀಮೋಥೆರಪಿಯ ಔಷಧ ರಕ್ತನಾಳಕ್ಕೆ ಇಳಿದ ಮೇಲೆ ಎಲ್ಲಿಗೆ ಹೋಗುತ್ತದೆ? ನೇರ ಗಡ್ಡೆಗೆ ಹೋಗಲಿ ಎಂಬುದು ವೈದ್ಯರ ಆಸೆ. ದೇಹ ಆ ಆಸೆಗೆ ಸೊಪ್ಪು ಹಾಕುವುದಿಲ್ಲ. ಕೂದಲು ಉದುರುವುದು, ವಾಂತಿ, ಹೃದಯ ಸೊರಗುವುದು ಎಲ್ಲವೂ ಮದ್ದು ಕಂಡಕಂಡಲ್ಲಿ ಹರಡಿದ್ದರ ಫಲ. ಅದು ಗುರಿ ಮುಟ್ಟಿತೋ ಇಲ್ಲವೋ ಎಂಬುದು ಗೊತ್ತಾಗುವುದು ವಾರಗಟ್ಟಲೆ ಕಾದ ಮೇಲೆ, ಗಡ್ಡೆ ಕುಗ್ಗಿದಾಗ ಅಥವಾ ಬೆಳೆದಾಗ.

ಮದ್ದು ಹೊರುವ ನ್ಯಾನೋಕಣಕ್ಕೇ ಸ್ಕ್ಯಾನರ್‌ಗೆ ಕಾಣುವಂಥ ಗುರುತು ಅಂಟಿಸಿದರೆ? ರಿಜಿಸ್ಟರ್ಡ್ ಅಂಚೆಗೆ ಲಗತ್ತಿಸುತ್ತಿದ್ದ ಸ್ವೀಕೃತಿ ಚೀಟಿಯಂತೆ, ಅದು ತಲುಪಿದ ಸುದ್ದಿಯನ್ನು ತಾನೇ ಕಳಿಸುತ್ತದೆ. ಥೆರನೋಸ್ಟಿಕ್ಸ್ ಎಂಬ ವಿದ್ಯೆಯ ತಿರುಳು ಇಷ್ಟೇ.

ಹೊರುವ ಕಣವೇನೂ ಹೊಸದಲ್ಲ. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್, ಡಾಕ್ಸೊರುಬಿಸಿನ್ ಔಷಧವನ್ನು ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿಕೊಡುತ್ತದೆ. ಗುಳ್ಳೆಯ ಗಾತ್ರ ಸುಮಾರು 100 ನ್ಯಾನೋಮೀಟರ್, ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲು. ಅವಸರದಲ್ಲಿ ಬೆಳೆಯುವ ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಒಳನುಸುಳಿದ ದೊಡ್ಡ ಅಣುಗಳು ಅಲ್ಲೇ ಉಳಿಯುತ್ತವೆ ಎಂದು ಜಪಾನಿನ ಮತ್ಸುಮುರ ಮತ್ತು ಮಯೆದ 1986ರಲ್ಲಿ ತೋರಿಸಿದ್ದರು. ನ್ಯಾನೋಕಣಗಳ ಮೇಲಿನ ಭರವಸೆಗೂ ಅದೇ ಬುನಾದಿ.

ಆದರೆ ಲೆಕ್ಕ ಬೇರೆಯೇ ಇತ್ತು. ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಸಂಶೋಧನಾ ಪ್ರಬಂಧಗಳನ್ನು ಜಾಲಾಡಿ 2016ರಲ್ಲಿ ಹೇಳಿದ್ದು: ಪ್ರಾಣಿಗಳಿಗೆ ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರುವ ಪ್ರಮಾಣದ ಮಧ್ಯಾಂಕ ಶೇ 0.7.

ಮನುಷ್ಯರಲ್ಲಿ ಕಥೆ ಇನ್ನೂ ಜಟಿಲ. ಡಾಕ್ಸೊರುಬಿಸಿನ್ ತುಂಬಿದ ಎಂಎಂ-302 ಎಂಬ ಕಣಕ್ಕೆ ವಿಕಿರಣಶೀಲ ತಾಮ್ರ-64 ಸೇರಿಸಿ, ಸ್ತನ ಕ್ಯಾನ್ಸರ್ ಹರಡಿದ್ದ 19 ಮಂದಿಗೆ ಕೊಟ್ಟು ಪೆಟ್ ಸ್ಕ್ಯಾನ್ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಗಡ್ಡೆಯಿಂದ ಗಡ್ಡೆಗೆ ಕಣಗಳ ಶೇಖರಣೆಯಲ್ಲಿ 35 ಪಟ್ಟು ವ್ಯತ್ಯಾಸ! ಹೆಚ್ಚು ಶೇಖರವಾದವರಲ್ಲಿ ಚಿಕಿತ್ಸೆಯ ಫಲವೂ ಉತ್ತಮವಾಗಿತ್ತು. ಆದರೆ ಅದೇ ಔಷಧದ ದೊಡ್ಡ ಪ್ರಯೋಗ ರೋಗಿಗಳನ್ನು ಇಂಥ ಚಿತ್ರ ನೋಡಿ ಆರಿಸಿಕೊಂಡಿರಲಿಲ್ಲ. ರೂಢಿಯ ಚಿಕಿತ್ಸೆಗಿಂತ ಮೇಲೆನಿಸದೆ 2016ರ ಕೊನೆಗೆ ಅದು ನಿಂತುಹೋಯಿತು. ಆರಿಸಿದ್ದರೆ ಗೆಲ್ಲುತ್ತಿತ್ತು ಎನ್ನಲು ಪುರಾವೆಯಿಲ್ಲ. ಸರಾಸರಿಯ ಮರೆಯಲ್ಲಿ ಫಲ ಕಂಡವರೂ ಕಾಣದವರೂ ಒಂದಾಗಿಬಿಡುತ್ತಾರೆ ಎಂಬುದಂತೂ ನಿಜ.

ಎರಡು ಕೆಲಸ ಒಂದೇ ಕಣಕ್ಕೆ ಹೊರಿಸುವುದು ಸುಲಭವಲ್ಲ. ಮದ್ದಿನ ಕಣ ರಕ್ತದಲ್ಲಿ ದಿನಗಟ್ಟಲೆ ಸುತ್ತಬೇಕು. ಚಿತ್ರದ ಗುರುತು ಬೇಗ ಮಾಯವಾದರೆ ಒಳ್ಳೆಯದು. ತಾಮ್ರ-64ರ ಅರ್ಧಾಯುಷ್ಯ 13 ಗಂಟೆಯೂ ಇಲ್ಲ. ಹಾಗಾಗಿ ಕೆಲವರು ಹಾದಿ ಬದಲಿಸಿದ್ದಾರೆ. ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಎಂಬ ಕಬ್ಬಿಣದ ಕಣವನ್ನು ಮೊದಲು ಕೊಟ್ಟು, ಅದು ಗಡ್ಡೆಗೆ ಇಳಿಯುತ್ತದೆಯೇ ಎಂದು ಎಂಆರ್‌ಐನಲ್ಲಿ ನೋಡಿ, ಆಮೇಲೆ ಮದ್ದಿನ ಕಣ ಕೊಡುವ ಪ್ರಯೋಗ ನಡೆದಿದೆ. ಫ್ರಾನ್ಸಿನ ಎಗ್ವಿಕ್ಸ್ ಮದ್ದನ್ನೇ ಹೊರುವುದಿಲ್ಲ. ಗ್ಯಾಡೊಲಿನಿಯಂ ಇರುವ ಈ ಕಿರುಕಣ ಎಂಆರ್‌ಐನಲ್ಲಿ ಹೊಳೆಯುತ್ತದೆ, ವಿಕಿರಣ ಚಿಕಿತ್ಸೆಯ ಪೆಟ್ಟನ್ನು ಬಲಪಡಿಸುತ್ತದೆ, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಗ್ರೆನೋಬಲ್‌ನಲ್ಲಿ ಮಿದುಳಿಗೆ ಕ್ಯಾನ್ಸರ್ ಹರಡಿದ್ದ 15 ರೋಗಿಗಳ ಮೇಲೆ ಇದರ ಮೊದಲ ಪರೀಕ್ಷೆ ನಡೆಯಿತು.

ಗಡ್ಡೆ ಹೊಳೆಯುವ ಚಿತ್ರಗಳಿಗೆ ಸಮ್ಮೇಳನಗಳಲ್ಲಿ ಚಪ್ಪಾಳೆ ಬೀಳುತ್ತದೆ. ರೋಗಿಗೆ ಹೆಚ್ಚು ಉಪಕಾರಿ ಹೊಳೆಯದ ಚಿತ್ರವೇ ಇರಬಹುದು: ಈ ಮದ್ದು ನಿಮಗಲ್ಲ ಎಂದು ಮೊದಲ ವಾರವೇ ತಿಳಿದರೆ, ಉಪಯೋಗಕ್ಕೆ ಬಾರದ ವಿಷವನ್ನು ತಿಂಗಳುಗಟ್ಟಲೆ ಸಹಿಸುವುದು ತಪ್ಪುತ್ತದೆ, ಬೇರೆ ಚಿಕಿತ್ಸೆಗೆ ಹೊತ್ತೂ ಉಳಿಯುತ್ತದೆ.