ನಿಮಗಿದು ಗೊತ್ತೆ? ತೊಗರಿಗೆ ಹೊಡೆದ ಔಷಧಿ ಮೈಗೂ ಇಳಿಯುತ್ತದೆ

ಮೆಹಕರ, ಭಾಲ್ಕಿ, ಔರಾದ ಕಡೆ ತೊಗರಿ ಹೂ ಬಿಡುವ ಹೊತ್ತಿಗೆ ಗಿಡ ಎದೆಮಟ್ಟ ದಾಟಿರುತ್ತದೆ. ಕಾಯಿಕೊರಕಕ್ಕೆಂದು ಮೇಲೆತ್ತಿ ಹೊಡೆದ ಔಷಧಿ ಹೊಡೆದವರ ಮುಖ, ಕುತ್ತಿಗೆ, ಎದೆಯ ಮೇಲೇ ಬೀಳುತ್ತದೆ. ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ವಿಷ ಕುಡಿದರಷ್ಟೇ ಅಲ್ಲ, ಚರ್ಮದ ಮೂಲಕವೂ ರಕ್ತ ಸೇರುತ್ತದೆ; ಒದ್ದೆ ಅಂಗಿ ಮೈಗಂಟಿರುವಷ್ಟು ಹೊತ್ತೂ ಸೇರುತ್ತಲೇ ಇರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರದ ಹತ್ತಿಗೆ ಔಷಧಿ ಹೊಡೆದ ರೈತರು, ಕೂಲಿಕಾರರಲ್ಲಿ ನೂರಾರು ಜನ ಆಸ್ಪತ್ರೆ ಸೇರಿದರು. ಸತ್ತವರೇ 20ಕ್ಕೂ ಹೆಚ್ಚು. ತಡೆಯಬಹುದಾಗಿದ್ದ ಸಾವುಗಳಿವು.

ಡಬ್ಬಿಯ ಮೇಲಿನ ವಜ್ರಾಕಾರದ ಗುರುತಿನ ಕೆಳಭಾಗ ನೋಡಿ. ಕೆಂಪು ಅತಿ ಘೋರ ವಿಷ. ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಹಸಿರು. ಹಸಿರೆಂದರೂ ನಿರಪಾಯವಲ್ಲ.

ಔಷಧಿ ಹೊಡೆದವರಿಗೆ ವಾಂತಿ, ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು ಕಂಡರೆ ಬಿಸಿಲಿನ ಬಾಧೆಯೆಂದು ನೆರಳಲ್ಲಿ ಕೂರಿಸಿ ಕಾಯಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯ ಚೀಟಿ ಜೊತೆಗಿರಲಿ. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಸುಲಭ. ಆರ್ಗನೊಫಾಸ್ಫೇಟ್ ಆಗಿದ್ದರೆ ಅವರು ಅಟ್ರೊಪಿನ್ ಕೊಡುತ್ತಾರೆ.