ಮಕ್ಕಳ ಯಕೃತ್ತು ಮತ್ತು ಹಿತ್ತಾಳೆಯ ಪಾತ್ರೆ



ಯಕೃತ್ತು ನಮ್ಮ ಶರೀರದ ಅತಿ ದೊಡ್ಡ ಗ್ರಂಥಿ. ಹೊಟ್ಟೆಯ ಬಲಭಾಗದ ಮೇಲ್ಗಡೆಯಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಅದು ಅಡಗಿಕೊಂಡಿದೆ. ಕರುಳಿನಲ್ಲಿ ಜೀರ್ಣವಾದ ಆಹಾರದ ಸಾರದಲ್ಲಿ ಬಹುಪಾಲು ರಕ್ತದೊಡನೆ ಮೊದಲು ಅಲ್ಲಿಗೇ ಹೋಗುವುದು. ಊರ ಹೆಬ್ಬಾಗಿಲ ಸುಂಕದ ಕಟ್ಟೆಯಲ್ಲಿ ಬಂದ ಸರಕನ್ನೆಲ್ಲ ಇಳಿಸಿ ನೋಡಿ, ಒಳಕ್ಕೆ ಬಿಡತಕ್ಕುದನ್ನು ಬಿಟ್ಟು, ಸಲ್ಲದುದನ್ನು ಹೊರಕ್ಕೆ ಕಳುಹಿಸುವಂತೆ, ಯಕೃತ್ತು ಬೇಕಾದುದನ್ನು ಕೂಡಿಟ್ಟು, ಬೇಡವಾದುದನ್ನು ಪಿತ್ತರಸದ ಮೂಲಕ ಹೊರದೂಡುವುದು. ಈ ಕಟ್ಟೆಯ ಕೆಲಸ ಕೆಟ್ಟರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದುಹೋದ ದುಃಖಕರವಾದ ನಿದರ್ಶನವೊಂದುಂಟು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಎಳೆಯ ಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿದ್ದ ಯಕೃತ್ ರೋಗವೊಂದನ್ನು 1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ವರ್ಣಿಸಿದರು. ಮುಂದೆ ದೇಶದ ಅನೇಕ ಪ್ರಾಂತಗಳಿಂದ ಇಂಥವೇ ವರದಿಗಳು ಬಂದುವು. ಇದಕ್ಕೆ ವೈದ್ಯರು ಇಟ್ಟ ಹೆಸರು 'ಭಾರತೀಯ ಬಾಲ ಸಿರೋಸಿಸ್'. ಆರು ತಿಂಗಳು ದಾಟಿ ಐದು ವರ್ಷ ತುಂಬದಿರುವ ಮಕ್ಕಳೇ ಹೆಚ್ಚಾಗಿ ಇದಕ್ಕೆ ತುತ್ತಾಗುತ್ತಿದ್ದುವು. ಆರಂಭದಲ್ಲಿ ಭಯಪಡುವಂಥದೇನೂ ಕಾಣದು. ಮಗು ಸಿಡುಕುವುದು, ಮೈ ಸ್ವಲ್ಪ ಬೆಚ್ಚಗಿರುವುದು, ಆಹಾರ ಸೇರದಿರುವುದು, ಇಷ್ಟೆ. ಕ್ರಮೇಣ ಹೊಟ್ಟೆ ಉಬ್ಬಿಕೊಳ್ಳುವುದು. ವೈದ್ಯರು ಕೈಯಿಟ್ಟು ನೋಡಿದರೆ ಯಕೃತ್ತು ಗಟ್ಟಿಯಾಗಿ, ಅದರ ಅಂಚು ಹರಿತವಾಗಿ ಬೆರಳಿಗೆ ತಗಲುವುದು. ಬಳಿಕ ಕಾಮಾಲೆ, ಅದರ ಹಿಂದೆ ಜಲೋದರ. ಕಾಮಾಲೆ ತಲೆದೋರಿದ ಮೇಲೆ ಬಹುಮಂದಿ ಮಕ್ಕಳು ಕೆಲವೇ ತಿಂಗಳುಗಳಲ್ಲಿ ತೀರಿಹೋಗುತ್ತಿದ್ದುವು. ಒಂದೇ ತಾಯಿಯ ಮಕ್ಕಳು ಒಂದರ ಹಿಂದೊಂದು ಹೀಗೆ ಹೋದ ಮನೆಗಳೂ ಇದ್ದುವು. ಆ ಮನೆಯವರ ಸಂಕಟವನ್ನು ನಾವು ವರ್ಣಿಸಬೇಕಾದುದಿಲ್ಲ.

ಕಾರಣವೇನು? ಒಂದೇ ಮನೆಯಲ್ಲಿ ಮತ್ತೆ ಮತ್ತೆ ಕಾಣುವುದರಿಂದ ಇದು ವಂಶದಲ್ಲಿ ಬಂದ ದೋಷವೆಂದು ಕೆಲವರು ಎಣಿಸಿದರು. ಅಪೋಷಣೆಯೆಂದರು ಕೆಲವರು, ಸೋಂಕೆಂದರು ಇನ್ನು ಕೆಲವರು. ನಮ್ಮ ಮೈಸೂರಿನ ಸಂಶೋಧಕರೂ ಈ ವಿಚಾರಕ್ಕೆ ಕೈಹಚ್ಚಿದರು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಪೌಷ್ಟಿಕ ಹಿಟ್ಟಿನೊಡನೆ ಹೊಟ್ಟೆಗೆ ಸೇರಿದ ಮಕ್ಕಳಲ್ಲಿ ಯಕೃತ್ತು ಕೆಟ್ಟುದನ್ನು ಅವರು 1971ರಲ್ಲಿ ಪ್ರಕಟಿಸಿದರು. ಆ ಎಚ್ಚರಿಕೆ ಬಹು ಬೆಲೆಯುಳ್ಳದು. ಆದರೆ ದೇಶದಾದ್ಯಂತ ಹರಡಿದ್ದ ಈ ರೋಗಕ್ಕೆಲ್ಲ ಅದೊಂದೇ ಕಾರಣವೆನ್ನುವಂತಿರಲಿಲ್ಲ.

ಗಂಟು ಸಡಿಲವಾದುದು ಸೂಕ್ಷ್ಮದರ್ಶಕದ ಕೆಳಗೆ. 1978ರಲ್ಲಿ ಈ ಮಕ್ಕಳ ಯಕೃತ್ತಿನ ತುಣುಕುಗಳಿಗೆ ಒಂದು ವಿಶೇಷ ಬಣ್ಣವನ್ನು ಕಟ್ಟಿ ನೋಡಿದಾಗ, ತಾಮ್ರವನ್ನು ಹಿಡಿದಿಟ್ಟುಕೊಂಡ ಕಣಗಳು ಜೀವಕೋಶಗಳ ತುಂಬ ಕಂಡುವು. ಮರುವರ್ಷ ತಾಮ್ರವನ್ನೇ ಅಳೆದುದಾಯಿತು. ಒಣಗಿಸಿದ ಯಕೃತ್ತಿನ ಒಂದು ಗ್ರಾಮಿನಲ್ಲಿ ತಾಮ್ರವು ಸಾಧಾರಣವಾಗಿ 50 ಮೈಕ್ರೊಗ್ರಾಮಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಮೆ ಇರುವುದು. ಈ ಮಕ್ಕಳಲ್ಲಾದರೋ ಅದು ಸಾವಿರವನ್ನೂ ಮೀರುತ್ತಿತ್ತು.

ಇಷ್ಟು ತಾಮ್ರ ಬಂದುದೆಲ್ಲಿಂದ? ಪುಣೆಯ ಪಂಡಿತ್, ಭಾವೆ ಮೊದಲಾದ ವೈದ್ಯರೂ ಇಂಗ್ಲೆಂಡಿನ ಟ್ಯಾನರ್ ಎಂಬವರೂ ಕೂಡಿ, ಮಗುವಿಗೆ ಯಾವ ಹಾಲು, ಯಾವ ವಯಸ್ಸಿನಿಂದ, ಯಾವ ಪಾತ್ರೆಯಲ್ಲಿ ಕಾಯಿಸಿದುದು ಎಂದು ತಾಯಂದಿರನ್ನು ಕೇಳಿದರು. 1983ರಲ್ಲಿ ಪ್ರಕಟವಾದ ಉತ್ತರ ಸ್ಪಷ್ಟವಾಗಿತ್ತು. ರೋಗ ಬಂದ ಮಕ್ಕಳಿಗೆ ಎಳವೆಯಲ್ಲಿಯೇ ಹಸುವಿನ ಇಲ್ಲವೆ ಎಮ್ಮೆಯ ಹಾಲು ಮೊದಲಾಗಿತ್ತು; ಆ ಹಾಲನ್ನು ಕಾಯಿಸಿ ಇಡುತ್ತಿದ್ದುದು ಹಿತ್ತಾಳೆಯ ಅಥವಾ ತಾಮ್ರದ ಪಾತ್ರೆಗಳಲ್ಲಿ.

ಇಲ್ಲಿ ನಮ್ಮ ಗೃಹಿಣಿಯರು ಆಕ್ಷೇಪಿಸಬಹುದು: "ಹಿತ್ತಾಳೆಗೆ ಕಲಾಯಿ ಹಾಕಿಸುವುದು ನಮಗೆ ತಿಳಿಯದೇ? ಕಲಾಯಿಲ್ಲದ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಬರುವುದೆಂದು ಅಜ್ಜಿಯರೇ ಹೇಳಿಕೊಟ್ಟಿದ್ದಾರೆ." ಆ ತಿಳಿವಳಿಕೆ ಸರಿಯಾದುದೇ. ಆದರೆ ಹಾಲು ಹುಳಿಯಲ್ಲ. ಅದರಲ್ಲಿ ಕಿಲುಬು ಕಣ್ಣಿಗೆ ಕಾಣುವಂತಿಲ್ಲ. ಹಾಲಿನಲ್ಲಿ ಕೇಸೀನ್ ಎಂಬ ಸಸಾರಜನಕ ಪದಾರ್ಥವಿದೆ. ಬರಿಯ ಹಿತ್ತಾಳೆಯಲ್ಲಿ ಹಾಲನ್ನು ಕಾಯಿಸಿ ಹಾಗೆಯೇ ಇಟ್ಟರೆ ಈ ಕೇಸೀನು ಲೋಹದಿಂದ ತಾಮ್ರವನ್ನು ಸೆಳೆದು ತನ್ನಲ್ಲಿ ಕಟ್ಟಿಕೊಳ್ಳುವುದು. ಕಲಾಯಿಯುಳ್ಳ ಪಾತ್ರೆಯಲ್ಲಾಗಲಿ ಉಕ್ಕಿನ ಪಾತ್ರೆಯಲ್ಲಾಗಲಿ ಈ ತೊಂದರೆಯಿಲ್ಲ.

ತಾಮ್ರವು ಸ್ವತಃ ವಿಷವಲ್ಲ. ಲೇಶಮಾತ್ರ ತಾಮ್ರವು ಶರೀರಕ್ಕೆ ಬೇಕೇ ಬೇಕು. ಮಿಕ್ಕುದನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುವುದು. ಆದರೆ ಹುಟ್ಟಿದ ಕೂಸಿನ ಯಕೃತ್ತಿನಲ್ಲಿ ಸಹಜವಾಗಿಯೇ ತಾಮ್ರ ಹೆಚ್ಚು; ಮೊದಲ ಕೆಲವು ತಿಂಗಳುಗಳಲ್ಲಿ ಅದು ಇಳಿಯಬೇಕು. ಇಳಿಯಬೇಕಾದ ಕಾಲದಲ್ಲಿಯೇ ಹೊರಗಿನಿಂದ ಮತ್ತಷ್ಟು ತುಂಬಿದರೆ ಕಟ್ಟೆಯಲ್ಲಿ ಸರಕು ರಾಶಿಬೀಳುವುದು. ಹೆಚ್ಚಾದ ತಾಮ್ರವು ಆಮ್ಲಜನಕದೊಡನೆ ಸೇರಿ ತೀಕ್ಷ್ಣವಾದ ಕಣಗಳನ್ನು ಹುಟ್ಟಿಸಿ ಜೀವಕೋಶದ ಪೊರೆಗಳನ್ನು ಸುಡುವುದು. ಕೋಶಗಳು ಊದಿ ಸಾಯುವುವು. ಗಾಯವಾದೆಡೆ ನಾರು ಬೆಳೆಯುವುದು ಶರೀರದ ಧರ್ಮ. ಆದರೆ ಇಲ್ಲಿ ಆ ನಾರು ಒಂದೊಂದು ಕೋಶವನ್ನೂ ಸುತ್ತಿ ಬಿಗಿಯುವುದು. ರಕ್ತಕ್ಕೆ ದಾರಿ ಕಟ್ಟಿದಂತಾಗಿ ಹೊಟ್ಟೆಯಲ್ಲಿ ನೀರು ತುಂಬುವುದು; ಪಿತ್ತದ ಬಣ್ಣವು ರಕ್ತದಲ್ಲಿ ನಿಂತು ಕಣ್ಣು ಹಳದಿಯಾಗುವುದು.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ಆಸ್ಟ್ರಿಯಾದ ಟಿರೋಲ್ ಎಂಬ ಬೆಟ್ಟಸೀಮೆಯಲ್ಲಿ 1900 ರಿಂದ 1974ರ ವರೆಗೆ 138 ಮಕ್ಕಳು ಇದನ್ನೇ ಹೋಲುವ ರೋಗದಿಂದ ಮಡಿದುದು 1996ರ ವರದಿಯೊಂದರಿಂದ ತಿಳಿದುಬಂತು. ಅಲ್ಲಿಯೂ ಹಾಲು ಕಾಯುತ್ತಿದ್ದುದು ತಾಮ್ರದ ಪಾತ್ರೆಯಲ್ಲಿಯೇ. ಅಲ್ಲಿ ವಂಶಾವಳಿಗಳನ್ನು ಬರೆದು ನೋಡಿದಾಗ ಅನುವಂಶಿಕ ದೌರ್ಬಲ್ಯವೂ ಇದ್ದಂತೆ ತೋರಿತು. ಹಿತ್ತಾಳೆಯ ಹಾಲನ್ನು ಕುಡಿದ ಮಕ್ಕಳಿಗೆಲ್ಲ ರೋಗ ಬರಲಿಲ್ಲವೇಕೆಂಬ ಪ್ರಶ್ನೆಗೆ ಇದರಿಂದ ಸ್ವಲ್ಪಮಟ್ಟಿಗೆ ಸಮಾಧಾನ ದೊರೆಯುವುದು. ವಂಶದಲ್ಲಿ ದೌರ್ಬಲ್ಯವಿರಬಹುದು. ಆದರೆ ಟಿರೋಲಿನಲ್ಲಿ ಪಾತ್ರೆ ಬದಲಾಯಿತು, ರೋಗ ನಿಂತಿತು; ವಂಶವು ಬದಲಾಗಲಿಲ್ಲ.

ಚಿಕಿತ್ಸೆಯ ಕಥೆಯೂ ಕೇಳತಕ್ಕುದು. ತಾಮ್ರವು ಯಕೃತ್ತಿನಲ್ಲಿ ಕೂಡುವ ಮತ್ತೊಂದು ರೋಗವನ್ನು 1912ರಲ್ಲಿ ವಿಲ್ಸನ್ ಎಂಬ ವೈದ್ಯನು ವರ್ಣಿಸಿದ್ದನು. ಅದು ಹುಟ್ಟಿನಿಂದ ಬರುವ ದೋಷ; ಅದಕ್ಕೆ ಕಾರಣವಾದ ಜೀನು 1993ರಲ್ಲಿ ಪತ್ತೆಯಾಯಿತು. ಆ ರೋಗಿಗಳಿಗೆ 1956ರಲ್ಲಿ ವಾಲ್ಶ್ ಎಂಬವರು ಪೆನಿಸಿಲಮೀನ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಅದು ತಾಮ್ರವನ್ನು ಹಿಡಿದುಕೊಂಡು ಮೂತ್ರದೊಡನೆ ಹೊರಬೀಳಿಸುವುದು. ಪುಣೆಯ ವೈದ್ಯರು ಅದನ್ನೇ ಈ ಮಕ್ಕಳಿಗೂ ಕೊಟ್ಟರು. ಬೇಗನೆ ಕೈಸೇರಿದ ಮಕ್ಕಳಲ್ಲಿ ಕೆಲವು ಬದುಕಿದುವು. ಕೆಲವರ ಯಕೃತ್ತು ಬಹುಮಟ್ಟಿಗೆ ಸ್ವಸ್ಥಿತಿಗೆ ಬಂತು. ಕಾಮಾಲೆ ಬಲಿತ ಮೇಲೆ ಬಂದವರಿಗೆ ಔಷಧದಿಂದ ದೊರೆತ ಸಹಾಯ ಅಲ್ಪ.

ಆದುದರಿಂದ ಈ ರೋಗವನ್ನು ಹಿಂದಕ್ಕೆ ಅಟ್ಟಿದ ಕೀರ್ತಿ ಮುಖ್ಯವಾಗಿ ಔಷಧದ್ದಲ್ಲ. ಅಡುಗೆಮನೆಗಳಿಗೆ ಉಕ್ಕಿನ ಪಾತ್ರೆ ಬಂತು. ಎಳೆಗೂಸಿಗೆ ತಾಯಿಯ ಹಾಲೇ ಸಾಕೆಂಬ ಬೋಧೆ ಹರಡಿತು. 1990ರ ದಶಕದ ಹೊತ್ತಿಗೆ ಈ ರೋಗ ಆಸ್ಪತ್ರೆಗಳಲ್ಲಿ ಅಪರೂಪವಾಯಿತು.

ಇಂದು ಯಕೃತ್ತನ್ನು ಕೆಡಿಸುವ ಕಾರಣಗಳು ಬೇರೆ: ಮದ್ಯ, ಹೆಪಟೈಟಿಸ್ ವೈರಸ್ಸುಗಳು, ಅತಿಯಾದ ಕೊಬ್ಬು. ಕಾರಣ ಯಾವುದಾದರೂ ಕೋಶ ಸಾಯುವುದು, ನಾರು ಬೆಳೆಯುವುದು ಎಂಬ ಕ್ರಮ ಮಾತ್ರ ಹಳೆಯದೇ. ನಾರು ಬಲಿಯುವ ಮುನ್ನ ಕಾರಣವನ್ನು ತಡೆದರೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಈ ಅವಯವಕ್ಕೆ ಉಂಟು. ಆದುದರಿಂದ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹುಟ್ಟಿದೊಡನೆ ಹಾಕಿಸುವುದೂ, ದೊಡ್ಡವರು ಮದ್ಯವನ್ನು ಬಿಡುವುದೂ, ಹಿಂದಿನವರು ಪಾತ್ರೆಯನ್ನು ಬದಲಾಯಿಸಿದಂತೆಯೇ ಸರಿ. ಹಣೆಬರಹವೆಂದು ನಂಬಿದ್ದ ರೋಗವೊಂದು ಹಾಲಿನ ಪಾತ್ರೆಯೊಡನೆ ಮನೆಯಿಂದ ಹೊರಟುಹೋದ ಈ ಸಂಗತಿಯನ್ನು ನಾವು ಮರೆಯಬಾರದು.